ಇದು ಹೀರೋ ಕಾರೋ, ಡ್ಯೂಪ್ ಕಾರೋ?

ನಮ್ಮ ಚಿತ್ರಗಳಲ್ಲಿ ನಾಯಕ ಮೂರನೇ ಮಹಡಿಯಿಂದ ಗಾಜು ಒಡೆದುಕೊಂಡು ಹಾರುತ್ತಾನೆ. ಹಾರಿದವನು ನಾಯಕನಲ್ಲ ಅನ್ನೋದು ಗಾಂಧಿ ಕ್ಲಾಸಿನಲ್ಲಿ ಕೂತ ಪುಟ್ಟ ಹುಡುಗನಿಗೂ ಗೊತ್ತು. “ಡ್ಯೂಪ್ ಕಣೋ!” ಅಂತ ಪಕ್ಕದವನ ಕಿವಿಯಲ್ಲಿ ಉಸುರಿ, ಮರುಗಳಿಗೆ ತಾನೇ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆಯುತ್ತಾನೆ. ಗೊತ್ತಿದ್ದೂ ಶಿಳ್ಳೆ!

ಆದರೆ ಓದುಗ ಮಿತ್ರರೇ, ಡ್ಯೂಪ್ ಇರೋದು ಮನುಷ್ಯನಿಗಲ್ಲ, ಕಾರಿಗೆ ಅಂದರೆ? ಅದೂ ತೆರೆಯ ಮೇಲಲ್ಲ, ನೆರೆಮನೆಯ ಶೆಡ್ಡಿನಲ್ಲಿ ಅಂದರೆ? ಆ ಕಾರಿನ ಬೆಲೆಯ ಮೇಲೆ ಒಬ್ಬ ವಿಧವೆಯ ಮನೆಯ ಸೂರಿನ ರಿಪೇರಿ ನಿಂತಿದೆ ಅಂದರೆ? ಆಗ ಶಿಳ್ಳೆ ಹೊಡೆಯೋಕೆ ಬಾಯಿ ಬರೋದಿಲ್ಲ. ಅದನ್ನೇ ಹೇಳೋಕೆ ಹೊರಟಿದ್ದೇನೆ.

ಹಾಸ್ಟೆಲಿನ ಆ ರಾತ್ರಿ

ನಾನು ಹಾಸನದವನು. ಬಸ್ ಸ್ಟ್ಯಾಂಡಿನ ಹಿಂದೆ ನಮ್ಮಪ್ಪನ ತಗಡಿನ ಶೆಡ್ಡು. ಲಾರಿ, ಅಂಬಾಸಡರ್, ಏನು ಬಂದರೂ ಬಿಚ್ಚಿ ಜೋಡಿಸುತ್ತಿದ್ದರು. ಹಳೇ ಗಾಡಿ ಕೊಳ್ಳೋರು ಮೊದಲು ಅಪ್ಪನ ಹತ್ತಿರ ಬರೋರು. ಅಪ್ಪ ಬಣ್ಣದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಾನೆಟ್ ಎತ್ತಿ, ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು, ಆರ್.ಸಿ. ಪುಸ್ತಕದ ಪಕ್ಕ ಹಿಡಿಯೋರು. “ಬಣ್ಣ ಬಳಿಯೋಕೆ ಒಂದು ದಿನ ಸಾಕು ಮಗ. ನಂಬರು ನೋಡು ಮೊದಲು” ಅನ್ನೋದು ಅವರ ವೇದವಾಕ್ಯ.

ನಾನೋ, ಬಣ್ಣಕ್ಕೆ ಮರುಳಾಗುವ ಜಾತಿ. 1984ರಲ್ಲಿ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿದ್ದಾಗ ತಲೆಗೆ ಇಷ್ಟು ಅಂತ ಚಂದಾ ಎತ್ತಿ, ಒಂದು ರಾತ್ರಿಗೆ ವಿ.ಸಿ.ಆರ್. ಬಾಡಿಗೆಗೆ ತಂದು ಮೂರು ಕ್ಯಾಸೆಟ್ ಹಾಕಿದ್ದೆವು. ಮೂರನೆಯದು “ಸ್ಮೋಕಿ ಅಂಡ್ ದಿ ಬ್ಯಾಂಡಿಟ್”. 1977ರ ಚಿತ್ರ. ನಾಯಕ ಬರ್ಟ್ ರೆನಾಲ್ಡ್ಸ್, ನಾಯಕಿ ಸ್ಯಾಲಿ ಫೀಲ್ಡ್, ಅಟ್ಟಿಸಿಕೊಂಡು ಬರುವ ಷೆರೀಫ್ ಜಾಕಿ ಗ್ಲೀಸನ್. ಕಥೆ ಒಂದು ಅಂಗೈಯಲ್ಲಿ ಹಿಡಿಯುವಷ್ಟು: ಜಾರ್ಜಿಯಾದಿಂದ ಟೆಕ್ಸಾಸಿನ ಗಡಿಗೆ ಹೋಗಿ 400 ಕೇಸ್ ಬೀರನ್ನು ಲಾರಿಯಲ್ಲಿ ತುಂಬಿಕೊಂಡು 28 ಗಂಟೆಯೊಳಗೆ ವಾಪಸ್ ಬರಬೇಕು. ಲಾರಿಯ ಮುಂದೆ ನಾಯಕನ ಕರೀ ಕಾರು. ಪೋಲೀಸರು ಲಾರಿ ಬಿಟ್ಟು ಅದರ ಹಿಂದೆ ಓಡಬೇಕು, ಅಷ್ಟೇ ಅದರ ಕೆಲಸ.

ಆ ಕಾರನ್ನು ನೋಡಿದ ಮೇಲೆ ನನಗೆ ನಾಯಕಿ ಕಾಣಲೇ ಇಲ್ಲ ಸ್ವಾಮಿ! ಕಾಡಿಗೆಯಂಥ ಕಪ್ಪು. ಅಂಚಿಗೆಲ್ಲ ಬಂಗಾರದ ಗೆರೆ. ಬಾನೆಟ್ ತುಂಬ ರೆಕ್ಕೆ ಬಿಚ್ಚಿದ ಬಂಗಾರದ ಹಕ್ಕಿ. ಚಕ್ರವೂ ಬಂಗಾರದ ಬಣ್ಣ. ಪಾಂಟಿಯಾಕ್ ಕಂಪನಿಯ ಫೈರ್‌ಬರ್ಡ್ ಟ್ರಾನ್ಸ್ ಆಮ್. ಬದುಕಿನಲ್ಲಿ ಒಂದು ಸಲ ಅದರ ಸ್ಟಿಯರಿಂಗ್ ಹಿಡಿಯಬೇಕು ಅಂತ ಅವತ್ತೇ ನಿಶ್ಚಯ ಮಾಡಿದೆ. ಆಗ ನನ್ನ ಹತ್ತಿರ ಇದ್ದದ್ದು ಒಂದು ಅಟ್ಲಾಸ್ ಸೈಕಲ್ಲು.

ನೆರೆಮನೆಯ ಕರೀ ಹಕ್ಕಿ

1989ರಲ್ಲಿ ನೌಕರಿಗೆಂದು ಅಮೆರಿಕದ ಓಹಾಯೋ ರಾಜ್ಯಕ್ಕೆ ಬಂದೆ. ಸಿನ್ಸಿನಾಟಿ ಊರು. ಬಂದ ಮೇಲೆ ತಿಳಿಯಿತು, ಆ ಕಾರು ತಯಾರಾಗುತ್ತಿದ್ದ ಒಂದು ಕಾರ್ಖಾನೆ ಇದ್ದದ್ದು ಇಲ್ಲೇ, ಊರಿನ ಹೊಟ್ಟೆಯೊಳಗೇ ಇರುವ ನಾರ್ವುಡ್ಡಿನಲ್ಲಿ. ಆದರೆ ನಾನು ಬರುವ ಎರಡು ವರ್ಷ ಮುಂಚೆ, 1987ರಲ್ಲಿ, ಅದಕ್ಕೆ ಬೀಗ ಬಿದ್ದಿತ್ತು. ಹೆಣ್ಣು ನೋಡೋಕೆ ಹೋದರೆ ಮದುವೆ ಆಗಿ ಹೋಗಿದೆ ಅಂದ ಹಾಗಾಯ್ತು!

ಮೂವತ್ತು ವರ್ಷ ಸಂಸಾರ, ಸಾಲ, ಮಕ್ಕಳ ಓದು. ಕಾರಿನ ನೆನಪು ಅಟ್ಟಕ್ಕೆ ಹೋಯಿತು. 2021ರಲ್ಲಿ ನಮ್ಮ ನೆರೆಮನೆಯ ಹಿರಿಯರು ತೀರಿಕೊಂಡರು. ಮರುವರ್ಷ ಅಕ್ಟೋಬರಿನಲ್ಲಿ ಅವರ ಹೆಂಡತಿ ಶೆಡ್ಡಿನ ಬಾಗಿಲು ತೆಗೆಸಿದರು. ಆಕೆಗೆ ಎಪ್ಪತ್ತು ದಾಟಿದೆ. ಹೊದಿಕೆ ಸರಿಸಿದರೆ... ನನ್ನ ಎದೆ ಒಂದು ಬಡಿತ ತಪ್ಪಿಸಿತು. ಅದೇ ಕಪ್ಪು! ಅದೇ ಹಕ್ಕಿ!

“ನಮ್ಮವರು 1983ರಲ್ಲಿ ತಂದದ್ದು. ಚಿತ್ರದಲ್ಲಿ ಬಂದ ಕಾರಿನ ಜಾತಿಯದೇ, ಸ್ಪೆಷಲ್ ಎಡಿಷನ್ ಅಂತ ಹೇಳ್ತಿದ್ದರು. ಮೇಲ್ಛಾವಣಿ ಮಾತ್ರ ಗಟ್ಟಿ. ಹಾಗಿರೋದು ಇನ್ನೂ ಕಡಿಮೆಯಂತೆ” ಅಂದರು ಆಕೆ.

ಆ ಮಾತು ಸುಳ್ಳಲ್ಲ. 1977ರಲ್ಲಿ ಕಂಪನಿ ಮಾಡಿದ ಟ್ರಾನ್ಸ್ ಆಮ್ ಒಟ್ಟು 68,745. ಅದರಲ್ಲಿ ಕಪ್ಪು-ಬಂಗಾರದ ಸ್ಪೆಷಲ್ ಎಡಿಷನ್ ಹದಿನೈದು ಸಾವಿರ ಚಿಲ್ಲರೆ. ಮೇಲೆ ಗಾಜಿನ ಬಾಗಿಲು ತೆಗೆಯುವಂಥದ್ದಕ್ಕೆ “ವೈ 82” ಅಂತ ಸಂಕೇತ, ಗಟ್ಟಿ ಛಾವಣಿಯದಕ್ಕೆ “ವೈ 81”. ಈ ವೈ 81 ಎರಡು ಸಾವಿರವೂ ಇಲ್ಲ. ಹಾಗಾಗಿ ನಿಜವಾದರೆ ಒಳ್ಳೇ ಬೆಲೆ.

ಬೇರೆ ಊರಿನ ಒಬ್ಬ ವ್ಯಾಪಾರಿ ಆಗಲೇ ಬಂದು ನೋಡಿ, 42,000 ಡಾಲರ್ ಅಂದು ಹೋಗಿದ್ದ. “ಕಾಗದ ಪತ್ರ ಯಾಕೆ? ಕಣ್ಣಿಗೆ ಕಾಣ್ತಿದೆಯಲ್ಲ” ಅಂದನಂತೆ. ಆಕೆಗೆ ದುಡ್ಡಿನ ಅಗತ್ಯವಿತ್ತು. ಮನೆಯ ಸೂರು ಸೋರುತ್ತಿತ್ತು. ಬಕೆಟ್ಟು ಇಟ್ಟದ್ದನ್ನು ನಾನೇ ನೋಡಿದ್ದೇನೆ. “ನೀವು ಆಸೆ ಪಡ್ತಿದ್ದೀರಿ ಅಂತ ಗೊತ್ತು. ಅವನಿಗಿಂತ ಎರಡು ಸಾವಿರ ಕಡಿಮೆಗೆ ನಿಮಗೇ ಕೊಡ್ತೀನಿ. ಆದರೆ ಮೊದಲು ನೋಡಿ ಹೇಳಿ. ಇದು ನಿಜವಾದ್ದಾ?” ಅಂದರು.

ತಕ್ಕಡಿ ಹಿಡಿದವನು

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಮೊದಲು “ಏನ್ರೀ, ಈ ವಯಸ್ಸಿಗೆ ರೇಸ್ ಕಾರಾ?” ಅಂತ ನಕ್ಕಳು. ಆಮೇಲೆ ಸಾರು ಬಡಿಸುತ್ತ ಮೆತ್ತಗೆ ಒಂದು ಮಾತು ಹೇಳಿದಳು. “ಕಾರು ಸುಳ್ಳು ಅಂತ ನೀವು ಹೇಳಿದರೆ ಬೆಲೆ ಇಳಿಯುತ್ತೆ. ಇಳಿದ ಬೆಲೆಗೆ ಕೊಳ್ಳೋರು ನೀವೇ. ನಾಳೆ ಆಕೆ ಏನಂದ್ಕೋಬೇಕು? ತಕ್ಕಡಿ ಹಿಡಿಯೋರು ಕೊಳ್ಳಬಾರದು ರೀ.”

ತುತ್ತು ಗಂಟಲಲ್ಲೇ ನಿಂತಿತು. ಮೂವತ್ತೆಂಟು ವರ್ಷದ ಆಸೆ, ಕೈಗೆ ಸಿಕ್ಕಿದ ಹೊತ್ತಿಗೆ ಒಂದು ಸೌಟು ಸಾರಿನ ಜೊತೆ ಕರಗಿ ಹೋಗೋದಾ? ರಾತ್ರಿಯಿಡೀ ಹೊರಳಾಡಿದೆ. ಸುಮ್ಮನೆ “ನಿಜ” ಅಂದುಬಿಟ್ಟು ಕೇಳಿದ ಬೆಲೆಗೇ ಕೊಂಡರೆ? ಆಕೆಗೂ ಲಾಭ, ನನಗೂ ಕಾರು. ಆದರೆ ಕಾಣದ ಕಣ್ಣು ಮುಚ್ಚಿಕೊಂಡು ಕೊಂಡ ಕಾರನ್ನು ಅಪ್ಪನ ಮಗ ಹೇಗೆ ಓಡಿಸೋದು? ಬೆಳಿಗ್ಗೆ ಹೋಗಿ ಹೇಳಿದೆ: “ನಾನು ನೋಡಿಕೊಡ್ತೀನಿ. ಆದರೆ ಕೊಳ್ಳೋದಿಲ್ಲ.” ಆಕೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ ತಲೆಯಾಡಿಸಿದರು.

ನಂಬರು ಹೇಳಿದ್ದು, ಹೇಳದ್ದು

ಮುಂದಿನ ಗಾಜಿನ ಕೆಳಗೆ, ಚಾಲಕನ ಕಡೆ, ಒಂದು ಸಣ್ಣ ತಗಡು. ಅದರಲ್ಲಿ 13 ಅಕ್ಷರ-ಅಂಕಿ. (ಈಗಿನ ಕಾರುಗಳಿಗೆ 17, ಅದು 1981ರಿಂದ ಬಂದದ್ದು.) ಮೊದಲ 2 ಅಂದರೆ ಪಾಂಟಿಯಾಕ್. ಡಬ್ಲ್ಯೂ ಅಂದರೆ ಟ್ರಾನ್ಸ್ ಆಮ್. 87 ಅಂದರೆ ಎರಡು ಬಾಗಿಲ ಮೈ. ಜಡ್ ಅಂದರೆ ಪಾಂಟಿಯಾಕಿನ ಸ್ವಂತ 400 ಇಂಜಿನ್. ಕೆ ಇದ್ದಿದ್ದರೆ ಓಲ್ಡ್ಸ್‌ಮೊಬೈಲಿನ 403. 7 ಅಂದರೆ 1977. ಎನ್ ಅಂದರೆ ನಾರ್ವುಡ್. ಎಲ್ ಇದ್ದಿದ್ದರೆ ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್. ಉಳಿದ ಆರು ಅಂಕಿ ಕ್ರಮಸಂಖ್ಯೆ.

ನಮ್ಮ ತಗಡಿನಲ್ಲಿ ಎಲ್ಲವೂ ಸರಿ! ಹೊಡೆದಿದ್ದ ರಿವೆಟ್ಟೂ ಹೂವಿನಾಕಾರದ್ದು, ಕಾರ್ಖಾನೆಯದು. ಇಂಜಿನಿನ ಮುಂಭಾಗದಲ್ಲಿ ಕ್ರಮಸಂಖ್ಯೆಯನ್ನು ಮತ್ತೆ ಕೊರೆದಿರುತ್ತಾರೆ. ಟಾರ್ಚ್ ಬಿಟ್ಟು, ಜಿಡ್ಡು ಒರೆಸಿ, ಅಪ್ಪನ ಥರ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಅದೂ ಕೂಡಿತು. ಅಂದರೆ ಇಂಜಿನ್ ಹುಟ್ಟಿನಿಂದ ಬಂದದ್ದೇ. ಆಕೆ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು. “ಹಾಗಾದರೆ ನಿಜವಾದ್ದೇ ಅಲ್ಲವಾ?” ಅಂದರು.

ಇಲ್ಲೇ ನೋಡಿ ತಮಾಷೆ ಇರೋದು. ಆ ನಂಬರು “ನಾನು ಟ್ರಾನ್ಸ್ ಆಮ್” ಅಂತ ಹೇಳುತ್ತೆ. “ನಾನು ಸ್ಪೆಷಲ್ ಎಡಿಷನ್” ಅಂತ ಹೇಳೋದೇ ಇಲ್ಲ! ಆ ಅಲಂಕಾರಕ್ಕೆ ನಂಬರಿನಲ್ಲಿ ಜಾಗ ಇಲ್ಲ. ಮೋಸ ಹುಟ್ಟಿದ್ದೇ ಆ ಸಂದಿಯಲ್ಲಿ. ಚಿತ್ರ ಬಂದ ಮೇಲೆ ಎಲ್ಲರಿಗೂ ಕರೀ ಕಾರೇ ಬೇಕಾಯಿತು. 1977ರಲ್ಲಿ 68,745 ಇದ್ದ ಟ್ರಾನ್ಸ್ ಆಮ್ 1978ಕ್ಕೆ 93,341 ಆಯಿತು, 1979ಕ್ಕೆ 1,17,108! ಸಿಗದವರು ತಮ್ಮ ಕೆಂಪು, ಕಂದು ಕಾರುಗಳಿಗೆ ಕಪ್ಪು ಬಳಿಸಿದರು. ಹಕ್ಕಿಯ ಸ್ಟಿಕರು ಅಂಗಡಿಯಲ್ಲಿ ಸಿಗುತ್ತೆ. ಬಂಗಾರದ ಕಡ್ಡಿಯ ಸ್ಟಿಯರಿಂಗ್ ಸಿಗುತ್ತೆ. ಚಕ್ರಕ್ಕೆ ಬಣ್ಣ ಹೊಡೆಯೋದು ಅರ್ಧ ದಿನದ ಕೆಲಸ.

ಅದಕ್ಕೇ ಒಳಗೆ ನೋಡಬೇಕು. ನಿಜವಾದ ಸ್ಪೆಷಲ್ ಎಡಿಷನ್ನಿನಲ್ಲಿ ಮೀಟರುಗಳ ಸುತ್ತಲಿನ ಅಲ್ಯೂಮಿನಿಯಂ ತಗಡಿಗೂ ಬಂಗಾರದ ಛಾಯೆ ಇರುತ್ತೆ. ನಮ್ಮದರಲ್ಲಿ ಸ್ಟಿಯರಿಂಗಿನ ಕಡ್ಡಿ ಬಂಗಾರ, ಅದರ ಹಿಂದಿನ ತಗಡು ಮಾತ್ರ ಬೆಳ್ಳಿ! ರೇಷ್ಮೆ ಪೇಟ ಸುತ್ತಿಕೊಂಡು ಹವಾಯಿ ಚಪ್ಪಲಿ ಹಾಕಿಕೊಂಡ ಹಾಗೆ. ನನ್ನ ಮನಸ್ಸು ಅಳುಕಿತು.

ಕಪ್ಪಿನ ಕೆಳಗೆ

ಬಾನೆಟ್ಟಿನೊಳಗೆ, ಇಂಜಿನಿನ ಹಿಂದಿನ ಗೋಡೆಗೆ ಇನ್ನೊಂದು ತಗಡು ಹೊಡೆದಿರುತ್ತಾರೆ. ಕಾರ್ಖಾನೆಯಲ್ಲಿ ಯಾವ ಬಣ್ಣ, ಒಳಗೆ ಯಾವ ಸೀಟು ಅನ್ನೋದು ಅದರಲ್ಲಿ. ಕಪ್ಪು ಬಣ್ಣದ ಸಂಕೇತ 19. ನಮ್ಮ ತಗಡಿನ ಮೇಲೆ ಕಪ್ಪು ಬಣ್ಣ ಮಂದವಾಗಿ ಕೂತಿತ್ತು. ಕಾರ್ಖಾನೆಯವರು ಹಾಗೆ ಮುಚ್ಚಿರಲಾರರು. ಥಿನ್ನರ್ ಹಚ್ಚಿದ ಬಟ್ಟೆಯಿಂದ ಒರೆಸಿದೆ. ಒಂದೊಂದೇ ಅಂಕಿ ಮೇಲೆ ಬಂತು.

11.

ಹನ್ನೊಂದು ಅಂದರೆ ಬಿಳಿ. ಅಪ್ಪಟ ಬಿಳಿ.

ತಗಡನ್ನೂ ಒಂದೊಂದು ಸಲ ಬದಲಾಯಿಸಿರುತ್ತಾರೆ; ಒಂದು ಸಾಕ್ಷಿಯಿಂದ ತೀರ್ಪು ಹೇಳಬಾರದು. ಬಣ್ಣ ಹೊಡೆಯುವವನ ಕೈ ಹೋಗದ ಜಾಗ ಹುಡುಕಿದೆ. ಬೂಟಿನ ರಬ್ಬರಿನ ಕೆಳಗೆ, ಡ್ಯಾಶ್‌ಬೋರ್ಡಿನ ಅಡಿಗೆ, ಬೂಟಿನ ಚಾಪೆಯ ಮೂಲೆಯಲ್ಲಿ. ಎಲ್ಲ ಕಡೆ ಬಿಳಿ. ಹಾಲಿನಂಥ ಬಿಳಿ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಎದ್ದೆ. ಆಕೆ ಏನೂ ಕೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. “ಇನ್ನೊಂದು ಕಾಗದ ಬರಬೇಕು. ಅದು ಬರಲಿ” ಅಂದೆ.

ಆ ಕಾಗದ ಯಾವುದು ಅಂದರೆ, ಕಾರು ಕಾರ್ಖಾನೆಯಿಂದ ಡೀಲರಿಗೆ ಹೊರಟಾಗ ಬರೆದ ಬಿಲ್ಲು. ಪಾಂಟಿಯಾಕ್ ಕಂಪನಿ 2010ಕ್ಕೆ ಮುಗಿದ ಕಥೆ. ಆದರೆ 1961ರಿಂದ 1986ರವರೆಗಿನ ಅದರ ಬಿಲ್ಲುಗಳು ಪಾಂಟಿಯಾಕ್ ಹಿಸ್ಟಾರಿಕ್ ಸರ್ವಿಸಸ್ ಎಂಬಲ್ಲಿ ಜೋಪಾನವಾಗಿವೆ. ನಂಬರು ಕೊಟ್ಟು ಶುಲ್ಕ ಕಟ್ಟಿದರೆ ನಕಲು ಕೊಡುತ್ತಾರೆ. ಯಾವ ಬಣ್ಣ, ಯಾವ ಇಂಜಿನ್, ಏನೇನು ಹೆಚ್ಚಿಗೆ ಹಾಕಿಸಿದ್ದರು, ಎಲ್ಲ ಅದರಲ್ಲಿ. ವೈ 81 ಅಂತ ಅದರಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆಕೆಯ ಹೆಸರಿಗೇ, ಆಕೆಯ ವಿಳಾಸಕ್ಕೇ ಬರುವಂತೆ ಬರೆಸಿದೆ. ನಡುವೆ ನನ್ನ ಕೈ ಬೇಡ.

ತೆರೆಯ ಮೇಲಿದ್ದದ್ದೂ...

ಕಾಗದಕ್ಕೆ ಕಾಯುವಾಗ ಚಿತ್ರವನ್ನು ಮತ್ತೆ ಹಾಕಿ ನೋಡಿದೆ. ಈ ಸಲ ಗಾಂಧಿ ಕ್ಲಾಸಿನ ಕಣ್ಣಿನಿಂದಲ್ಲ, ಅಪ್ಪನ ಕಣ್ಣಿನಿಂದ.

ನಿರ್ದೇಶಕ ಹ್ಯಾಲ್ ನೀಡಮ್ ಮೂಲತಃ ಸ್ಟಂಟ್‌ಮನ್. ಬರ್ಟ್ ರೆನಾಲ್ಡ್ಸನ ಡ್ಯೂಪ್ ಆಗಿ ಬಿದ್ದು ಎದ್ದು, ಅವನ ಮನೆಯ ಅತಿಥಿಗೃಹದಲ್ಲೇ ವರ್ಷಗಟ್ಟಲೆ ಇದ್ದವನು. ಇದು ಅವನ ಮೊದಲ ನಿರ್ದೇಶನ. ಇನ್ನೂ ಮಾರುಕಟ್ಟೆಗೆ ಬಾರದ 1977ರ ಟ್ರಾನ್ಸ್ ಆಮಿನ ಜಾಹೀರಾತು ನೋಡಿ “ಇದೇ ನನ್ನ ನಾಯಕನ ಕಾರು” ಅಂತ ನಿಶ್ಚಯಿಸಿದ. ಕಂಪನಿ ನಾಲ್ಕು ಕಾರು ಕೊಟ್ಟಿತು. ಆದರೆ ಕೊಟ್ಟದ್ದು ಏನು ಗೊತ್ತಾ? 1976ರ ಕಾರಿಗೆ 1977ರ ಮುಖ ಜೋಡಿಸಿದ್ದು! ಹಳೇ ಮಾದರಿಗೆ ಎರಡು ದುಂಡು ದೀಪ, ಹೊಸದಕ್ಕೆ ನಾಲ್ಕು ಚೌಕ ದೀಪ. ಮುಖ ಬದಲಾಯಿಸಿ ಕ್ಯಾಮೆರಾ ಮುಂದೆ ನಿಲ್ಲಿಸಿದರು. ಹಾರಿಸಿ, ಗುದ್ದಿಸಿ, ಚಿತ್ರೀಕರಣ ಮುಗಿಯುವ ಹೊತ್ತಿಗೆ ನಾಲ್ಕೂ ಜಖಂ.

2014ರಲ್ಲಿ ಬರ್ಟ್ ರೆನಾಲ್ಡ್ಸ್ ಹರಾಜು ಹಾಕಿದ ಕರೀ ಟ್ರಾನ್ಸ್ ಆಮ್ 4,50,000 ಡಾಲರಿಗೆ ಹೋಯಿತು. ಅದೂ ಚಿತ್ರದಲ್ಲಿ ಓಡಿದ್ದಲ್ಲ, ಪ್ರಚಾರಕ್ಕೆ ಬಳಸಿದ್ದು. ಆದರೆ ಒಂದು ಮಾತು: ಪ್ರಚಾರದ್ದು ಅಂತ ಹೇಳಿಯೇ ಮಾರಿದರು. ಕೊಂಡವನು ತಿಳಿದೇ ಕೊಂಡ. ಡ್ಯೂಪನ್ನು ಡ್ಯೂಪ್ ಅಂತ ಹೇಳಿ ತೋರಿಸಿದರೆ ಅದು ಕಲೆ. ಹೀರೋ ಅಂತ ಹೇಳಿ ದುಡ್ಡು ತೆಗೆದುಕೊಂಡರೆ ಮೋಸ. ಗೆರೆ ಅಷ್ಟೇ, ಆದರೆ ದಪ್ಪ ಗೆರೆ.

ಲಕೋಟೆ

ಲಕೋಟೆ ಬಂದ ದಿನ ಆಕೆಯೇ ಫೋನ್ ಮಾಡಿದರು. ಅಡುಗೆಮನೆಯ ಮೇಜಿನ ಮೇಲೆ ಕಾಗದ. ಕೂತು ಓದಿದೆ. ಟ್ರಾನ್ಸ್ ಆಮ್, 400 ಇಂಜಿನ್, ಬಣ್ಣ 11. ಆಯ್ಕೆಗಳ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಎರಡು ಸಲ ಬೆರಳಿಟ್ಟು ನೋಡಿದೆ. ವೈ 81 ಇಲ್ಲ.

“ಅಮ್ಮಾ, ಇದು ನಿಜವಾದ ಟ್ರಾನ್ಸ್ ಆಮ್. ಇಂಜಿನ್ ಕೂಡ ಹುಟ್ಟಿನದೇ. ಆದರೆ ಸ್ಪೆಷಲ್ ಎಡಿಷನ್ ಅಲ್ಲ. ಇದು ಹುಟ್ಟಿದ್ದು ಬಿಳಿ” ಅಂದೆ. ಆ ಗಳಿಗೆಯಲ್ಲಿ ನನಗೆ ಅನಿಸಿದ್ದು, ತೀರಿಕೊಂಡವರ ಮೇಲೆ ಚಾಡಿ ಹೇಳುತ್ತಿದ್ದೇನೆ ಅಂತ.

ಆಕೆ ಅಳಲಿಲ್ಲ. ಕಾಫಿ ಬಗ್ಗಿಸಿ ನನ್ನ ಮುಂದಿಟ್ಟರು. “ಬಿಳಿ ಅಂತ ನನಗೆ ಗೊತ್ತಿತ್ತು” ಅಂದರು!

ನನ್ನ ಬಾಯಿ ಹಾಗೇ ತೆರೆದುಕೊಂಡಿತು.

“1991ರಲ್ಲಿ ಬೂಟಿಗೆ ಮಳೆನೀರು ಹೋಗಿತ್ತು. ಒಣಗಿಸೋಕೆ ಅಂತ ಚಾಪೆ ಎತ್ತಿದೆ. ಕೆಳಗೆ ಬಿಳಿ. ಅವರೇ ಬಳಿಸಿ ನನಗೆ ಹೇಳಿದ್ದೋ, ಮಾರಿದವನು ಅವರಿಗೆ ಮೋಸ ಮಾಡಿದ್ದೋ ಗೊತ್ತಾಗಲಿಲ್ಲ. ಮೂವತ್ತು ವರ್ಷ ಕೇಳಲೂ ಇಲ್ಲ. ಕೇಳಿದ್ದರೆ ಅವರು ಸುಳ್ಳುಗಾರ ಆಗಬೇಕಿತ್ತು, ಇಲ್ಲವೇ ಮೋಸಹೋದವರು ಆಗಬೇಕಿತ್ತು. ಎರಡೂ ನನಗೆ ಬೇಕಿರಲಿಲ್ಲ. 1977ರ ಬೇಸಿಗೆಯಲ್ಲಿ ಇಬ್ಬರೂ ಕೂತು ಆ ಚಿತ್ರ ನೋಡಿದ್ದೆವು. ಆ ಕಾರಿನಲ್ಲಿ ಕೂರಿಸಬೇಕು ಅಂತ ಅವರಿಗೆ ಆಸೆ. ಕೂರಿಸಿದರು. ನನಗೆ ಅಷ್ಟು ಸಾಕಿತ್ತು.”

“ಹಾಗಾದರೆ ನನ್ನನ್ನ ಯಾಕೆ ಕರೆದಿರಿ?”

“ನನಗಿದ್ದದ್ದು ಅನುಮಾನ ಅಷ್ಟೇ. ಅನುಮಾನ ಇಟ್ಟುಕೊಂಡು ಸಂಸಾರ ಮಾಡಬಹುದು. ವ್ಯಾಪಾರ ಮಾಡೋಕಾಗಲ್ಲ.”

ಆಮೇಲೆ ಆಕೆ ಆ ವ್ಯಾಪಾರಿಗೆ ಫೋನ್ ಮಾಡಿ, ಕಾಗದದಲ್ಲಿ ಏನಿದೆ ಅಂತ ಹೇಳಿದರು. ಅವನು “ಆ ಕಾಗದ ಹರಿದು ಬಿಸಾಕಿ, ನನ್ನ ಬೆಲೆ ಬದಲಾಗಲ್ಲ” ಅಂದನಂತೆ. ಅವನು ಮುಂದೆ ಅದನ್ನು ಏನು ಹೇಳಿ ಯಾರಿಗೆ ಮಾರುತ್ತಿದ್ದ ಅಂತ ಬಿಡಿಸಿ ಹೇಳಬೇಕಿಲ್ಲ. ಆಕೆ ಫೋನ್ ಇಟ್ಟರು. ಮನೆಯ ಸೂರಿನಿಂದ ಬಕೆಟ್ಟಿಗೆ ಹನಿ ಬೀಳುತ್ತಿದ್ದ ಸದ್ದು ನನಗೆ ಕೇಳುತ್ತಿತ್ತು. ಆಕೆಗೂ ಕೇಳಿರಬೇಕು.

ಒಂದು ಸುತ್ತು

ಡಿಸೆಂಬರಿನಲ್ಲಿ ಒಬ್ಬ ಮೇಷ್ಟ್ರು ಕೊಂಡರು, 27,000 ಡಾಲರಿಗೆ. ಬಿಲ್ಲಿನ ನಕಲನ್ನು ಆಕೆ ಮೊದಲು ಅವರ ಕೈಗಿಟ್ಟು, ಆಮೇಲೆ ಶೆಡ್ಡಿನ ಬಾಗಿಲು ತೆಗೆದರು. ಸೂರು ಒಂದೇ ಸಲಕ್ಕೆ ಪೂರ್ತಿ ಆಗಲಿಲ್ಲ. ಸೋರುವ ಭಾಗ ಮಾತ್ರ ಆಯಿತು, ಉಳಿದದ್ದು ಮರುವರ್ಷ.

ಒಯ್ಯುವ ಹಿಂದಿನ ದಿನ ಆಕೆ ನಮ್ಮ ಬಾಗಿಲು ತಟ್ಟಿ ಬೀಗದ ಕೈ ಕೊಟ್ಟರು. “ಒಂದು ಸುತ್ತು ಹೋಗಿ ಬನ್ನಿ. ಇಬ್ಬರೂ.”

ಹೋದೆವು. ಸ್ಟಿಯರಿಂಗ್ ಹಿಡಿದ ಕೈ ನಡುಗುತ್ತಿತ್ತು. ಪಕ್ಕದಲ್ಲಿ ನನ್ನಾಕೆ ಸೆರಗು ಭದ್ರ ಮಾಡಿಕೊಂಡು “ನಿಧಾನ ರೀ” ಅನ್ನುತ್ತಿದ್ದಳು. ನಾರ್ವುಡ್ಡಿನ ಕಡೆ ತಿರುಗಿಸಿದೆ. ಕಾರು ಹುಟ್ಟಿದ ಜಾಗ ತೋರಿಸೋಣ ಅಂತ. ಕಾರ್ಖಾನೆ ಇಲ್ಲ, ಬೇರೆ ಕಟ್ಟಡಗಳು ಎದ್ದಿವೆ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಒಬ್ಬ ಹುಡುಗ ಓಡಿಬಂದ. “ಸರ್! ಬ್ಯಾಂಡಿಟ್ ಕಾರು! ನಿಜವಾದ್ದಾ?”

“ಅಲ್ಲಪ್ಪ. ಇದು ಹುಟ್ಟಿದ್ದು ಬಿಳಿ. ಆಮೇಲೆ ಕಪ್ಪು ಬಳಿದದ್ದು” ಅಂದೆ.

ಹುಡುಗ ಒಂದು ಗಳಿಗೆ ಹಕ್ಕಿಯನ್ನೇ ನೋಡಿದ. ಆಮೇಲೆ ಎರಡು ಬೆರಳು ಬಾಯಿಗಿಟ್ಟು, ಬಂಕಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಶಿಳ್ಳೆ ಹೊಡೆದ.